ಜ್ಯೇಷ್ಠಮಧುವಿನ ಚೀನೀ ಕಷಾಯ: ಬೇರನ್ನು ಆರಿಸಿ, ತೂಗಿ, ಕಾಯಿಸುವ ಸಮಗ್ರ ಮಾರ್ಗದರ್ಶಿ

ಗಂಟಲು ಕಟ್ಟಿದಾಗ ನಮ್ಮ ಮನೆಗಳಲ್ಲಿ ಬಾಯಿಗೆ ಹಾಕಿಕೊಳ್ಳುವ ಜ್ಯೇಷ್ಠಮಧುವಿನ ಕಡ್ಡಿಯಲ್ಲಿಯೂ, ದಕ್ಷಿಣ ಚೀನಾದ ಗುವಾಂಗ್‌ಝೌ ನಗರದ ಬೀದಿ ಅಂಗಡಿಗಳಲ್ಲಿ ಬಟ್ಟಲಿಗೆ ಸುರಿದು ಕೊಡುವ ಕಪ್ಪನೆಯ ಗಿಡಮೂಲಿಕೆ ಕಷಾಯದಲ್ಲಿಯೂ ಇರುವುದು ಒಂದೇ ಸಸ್ಯಕುಲದ ಬೇರು. ನಾವು ಅದನ್ನು ಜ್ಯೇಷ್ಠಮಧು, ಯಷ್ಟಿಮಧು, ಅತಿಮಧುರ ಎಂದು ಕರೆದರೆ ಚೀನೀಯರು ಗಾನ್‌ತ್ಸಾವ್, ಅಂದರೆ ಸಿಹಿಹುಲ್ಲು, ಎನ್ನುತ್ತಾರೆ. ಗ್ರೀಕರು ಇಟ್ಟ ಗ್ಲಿಸಿರೈಜಾ ಎಂಬ ಹೆಸರಿನ ಅರ್ಥವೂ ಸಿಹಿಬೇರು ಎಂದೇ. ಮೂರು ಭಾಷೆಗಳೂ ಈ ಬೇರನ್ನು ಅದರ ರುಚಿಯಿಂದಲೇ ಗುರುತಿಸಿವೆ. ಆದರೆ ಈ ಸಿಹಿಯನ್ನು ಉಂಟುಮಾಡುವ ವಸ್ತುವೇ ಅಳತೆ ಮೀರಿದರೆ ರಕ್ತದೊತ್ತಡವನ್ನು ಏರಿಸುವ ವಸ್ತುವೂ ಆಗಿರುವುದರಿಂದ, ಈ ಬರಹದಲ್ಲಿ ಕಾಯಿಸುವ ವಿಧಾನಕ್ಕಿಂತ ತೂಗುವ ವಿಧಾನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಗುವಾಂಗ್‌ಡಾಂಗ್ ಪ್ರಾಂತ, ಹಾಂಗ್‌ಕಾಂಗ್ ಮತ್ತು ಮಕಾವ್ ಪ್ರದೇಶಗಳಲ್ಲಿ ಇಂಥ ಕಷಾಯಗಳಿಗೆ ಲಿಯಾಂಗ್‌ಚಾ, ಅಂದರೆ ತಂಪು ಚಹಾ, ಎಂಬ ಹೆಸರಿದೆ. ಹೆಸರಿನಲ್ಲಿ ಚಹಾ ಇದ್ದರೂ ಹೆಚ್ಚಿನವುಗಳಲ್ಲಿ ಚಹಾದ ಎಲೆ ಇರುವುದಿಲ್ಲ. ತಂಪು ಎಂಬುದೂ ಕುಡಿಯುವಾಗಿನ ತಾಪಮಾನವನ್ನು ಹೇಳುವುದಿಲ್ಲ, ನಾವು ಎಳನೀರನ್ನೂ ಮೆಂತ್ಯವನ್ನೂ ತಂಪು ಎನ್ನುವ ಅರ್ಥದಲ್ಲಿಯೇ ಅವರೂ ಆ ಮಾತನ್ನು ಬಳಸುತ್ತಾರೆ. ಬಿಸಿ ಮತ್ತು ತೇವ ಕೂಡಿದ ಹವೆಯಲ್ಲಿ ಬೆಳೆದ ಈ ಪದ್ಧತಿಯನ್ನು ಚೀನಾ 2006ರಲ್ಲಿ ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 1828ರಲ್ಲಿ ಆರಂಭವಾಯಿತೆಂದು ಹೇಳಿಕೊಳ್ಳುವ ವಾಂಗ್‌ಲಾವ್‌ಜಿ ಎಂಬ ಪ್ರಸಿದ್ಧ ಪಾನೀಯದಲ್ಲಿ ಸೇವಂತಿಗೆ, ಹನಿಸಕಲ್ ಹೂಗಳ ಜೊತೆಗೆ ಗಾನ್‌ತ್ಸಾವ್ ಕೂಡ ಇದೆ. ಕಹಿ ಮೂಲಿಕೆಗಳ ಗುಂಪಿನಲ್ಲಿ ಈ ಬೇರು ಇರುವುದು ರುಚಿಗಾಗಿ ಮಾತ್ರವಲ್ಲ. ಇದು ಉಳಿದ ಮೂಲಿಕೆಗಳ ಕಠೋರತೆಯನ್ನು ತಗ್ಗಿಸಿ ಅವುಗಳ ನಡುವೆ ಹೊಂದಾಣಿಕೆ ತರುತ್ತದೆ ಎಂಬುದು ಚೀನೀ ವೈದ್ಯರ ಹಳೆಯ ನಂಬಿಕೆ. 5 ಮತ್ತು 6ನೆಯ ಶತಮಾನಗಳಲ್ಲಿ ಬಾಳಿದ ತಾವ್ ಹೊಂಗ್‌ಜಿಂಗ್ ಎಂಬ ಪಂಡಿತನು ಇದಕ್ಕೆ ಗುವೋಲಾವ್, ಅಂದರೆ ರಾಜ್ಯದ ಹಿರಿಯ, ಎಂಬ ಅಡ್ಡಹೆಸರು ಬಂದಿರುವುದನ್ನು ವಿವರಿಸುತ್ತಾ, ಅರಸನಲ್ಲದಿದ್ದರೂ ಅರಸನಿಂದ ಗೌರವ ಪಡೆಯುವ ಹಿರಿಯನಿಗೆ ಇದನ್ನು ಹೋಲಿಸಿದ್ದಾನೆ.

ಬೇರು ಬರುವ ನೆಲ

ಬಳಕೆ ದಕ್ಷಿಣದಲ್ಲಿ ಹೆಚ್ಚಾದರೂ ಗಿಡ ಬೆಳೆಯುವುದು ಉತ್ತರದ ಒಣ ಹುಲ್ಲುಗಾವಲಿನಲ್ಲಿ. ಒಳ ಮಂಗೋಲಿಯಾ, ನಿಂಗ್‌ಶಿಯಾ, ಗಾನ್ಸು ಮತ್ತು ಶಿನ್‌ಜಿಯಾಂಗ್ ಪ್ರದೇಶಗಳ ಮರಳು ನೆಲದಲ್ಲಿ ಇದು ಆಳಕ್ಕೆ ಬೇರು ಬಿಟ್ಟು, ಜೊತೆಗೆ ನೆಲದಡಿಯಲ್ಲಿ ಅಡ್ಡಲಾಗಿ ಹಬ್ಬುವ ಕಾಂಡಗಳನ್ನು ಚಾಚುತ್ತದೆ. ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಈ ಗಿಡದ ಬೇರನ್ನು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬೆಳೆದ ಮೇಲೆ ಅಗೆಯುತ್ತಾರೆ. ಈ ಬೇರುಗಳೇ ಮರಳನ್ನು ಹಿಡಿದಿಡುವುದರಿಂದ, ಕಾಡುಗಿಡಗಳನ್ನು ಮಿತಿಯಿಲ್ಲದೆ ಅಗೆದಲ್ಲೆಲ್ಲ ಹುಲ್ಲುಗಾವಲು ಮರಳುಗಾಡಾಗತೊಡಗಿತು. 2000ದಲ್ಲಿ ಚೀನಾದ ಕೇಂದ್ರ ಸರ್ಕಾರವು ಮನಬಂದಂತೆ ಗಾನ್‌ತ್ಸಾವ್ ಅಗೆಯುವುದನ್ನು ತಡೆಯಲು ಆದೇಶ ಹೊರಡಿಸಿದ್ದು ಈ ಕಾರಣಕ್ಕೆ.

ಚೀನಾದ ಅಧಿಕೃತ ಔಷಧಕೋಶವು ಈ ಕುಲದ ಮೂರು ಪ್ರಭೇದಗಳನ್ನು ಗಾನ್‌ತ್ಸಾವ್ ಎಂದು ಒಪ್ಪುತ್ತದೆ: ಯುರಾಲೆನ್ಸಿಸ್, ಇನ್‌ಫ್ಲಾಟಾ ಮತ್ತು ಗ್ಲಾಬ್ರಾ. ನಮ್ಮ ಮಾರುಕಟ್ಟೆಗೆ ಹೆಚ್ಚಾಗಿ ಹೊರದೇಶಗಳಿಂದ ಬರುವ ಜ್ಯೇಷ್ಠಮಧು ಮೂರನೆಯದಾದ ಗ್ಲಾಬ್ರಾ. ಆದ್ದರಿಂದ ಚೀನೀ ಕಷಾಯ ಮಾಡಬೇಕೆಂದು ಚೀನಾದಿಂದಲೇ ಬೇರು ತರಿಸುವ ಅಗತ್ಯವಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಮುತ್ತಲಾಗಲಿ, ಮೈಸೂರಿನಲ್ಲಾಗಲಿ, ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬೇರು ಸಾಕು. ಸಿಂಗಪುರ, ಲಂಡನ್ ಮುಂತಾದ ಕಡೆ ಇರುವ ಕನ್ನಡಿಗರಿಗೆ ಚೀನೀ ಔಷಧಿ ಅಂಗಡಿಗಳಲ್ಲಿ ಓರೆಯಾಗಿ ಕತ್ತರಿಸಿದ ಬಿಲ್ಲೆಗಳೇ ಸಿಗುತ್ತವೆ.

ಅಂಗಡಿಯಲ್ಲಿ ನೋಡಬೇಕಾದುದು

ಮೊದಲನೆಯದಾಗಿ, ಪುಡಿಯನ್ನು ಕೊಳ್ಳಬೇಡಿ. ಪುಡಿಯಾದ ಬೇರಿನಲ್ಲಿ ಏನು ಬೆರೆತಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಕಷಾಯ ಕಾಯಿಸುವಾಗ ಅದು ತಳ ಹಿಡಿಯುತ್ತದೆ. ಸೋಸಿದ ಮೇಲೂ ಬಟ್ಟಲಿನಲ್ಲಿ ಉಳಿದು ಹೊಟ್ಟೆ ಸೇರುವುದರಿಂದ ಅಳತೆಯ ಲೆಕ್ಕವೂ ತಪ್ಪುತ್ತದೆ. ಕಡ್ಡಿಯನ್ನಾಗಲಿ ಬಿಲ್ಲೆಯನ್ನಾಗಲಿ ಕೊಂಡರೆ ಪರೀಕ್ಷಿಸಲು ಅವಕಾಶವಿರುತ್ತದೆ.

ಒಳ್ಳೆಯ ಬೇರಿನ ಹೊರತೊಗಟೆ ಕೆಂಗಂದು ಅಥವಾ ಬೂದುಗಂದು ಬಣ್ಣದ್ದಾಗಿದ್ದು, ಉದ್ದಕ್ಕೂ ಸುಕ್ಕಿನ ಗೆರೆಗಳಿರುತ್ತವೆ. ಮುರಿದಾಗ ಥಟ್ಟನೆ ತುಂಡಾಗದೆ ನಾರು ನಾರಾಗಿ ಸೀಳುತ್ತದೆ, ಸ್ವಲ್ಪ ಹಿಟ್ಟಿನಂಥ ಧೂಳು ಉದುರುತ್ತದೆ. ಅಡ್ಡ ಕತ್ತರಿಸಿದ ಭಾಗ ಹಳದಿಯಾಗಿದ್ದು, ನಡುವಿನಿಂದ ಅಂಚಿನ ಕಡೆಗೆ ಬಂಡಿಚಕ್ರದ ಅರಗಳಂತೆ ಗೆರೆಗಳು ಹೊರಟಿರುತ್ತವೆ. ಈ ವಿನ್ಯಾಸವನ್ನು ಚೀನೀ ವ್ಯಾಪಾರಿಗಳು ಸೇವಂತಿಗೆಯ ಹೂವಿಗೆ ಹೋಲಿಸುತ್ತಾರೆ. ಬಿಲ್ಲೆಯ ನಟ್ಟನಡುವೆ ಚಿಕ್ಕದೊಂದು ಮೆದು ತಿರುಳು ಕಂಡರೆ ಅದು ಬೇರಲ್ಲ, ನೆಲದಡಿಯ ಕಾಂಡ. ಅದನ್ನೂ ಔಷಧವಾಗಿ ಬಳಸುತ್ತಾರೆ, ಆದ್ದರಿಂದ ಅದು ಮೋಸವೇನಲ್ಲ. ಬಣ್ಣ ಕಪ್ಪಾಗಿದ್ದರೆ, ಮುಗ್ಗಲು ವಾಸನೆ ಬಂದರೆ, ಅಥವಾ ಸಣ್ಣ ತೂತುಗಳಿಂದ ಪುಡಿ ಸುರಿಯುತ್ತಿದ್ದರೆ ಬಿಟ್ಟುಬಿಡಿ, ಏಕೆಂದರೆ ಸಿಹಿಯಾದ ಈ ಬೇರಿಗೆ ಹುಳು ಬೇಗ ಹತ್ತುತ್ತದೆ.

ಕಡೆಯ ಪರೀಕ್ಷೆ ನಾಲಿಗೆಯದು. ಚೂರೊಂದನ್ನು ಅಗಿದರೆ ಸಿಹಿ ಸಕ್ಕರೆಯಂತೆ ತಕ್ಷಣ ಬಾರದೆ ಒಂದೆರಡು ಗಳಿಗೆ ತಡೆದು ಬರುತ್ತದೆ, ಬಂದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ, ಕೊನೆಯಲ್ಲಿ ತುಸು ಕಹಿಯೂ ಇರುತ್ತದೆ. ಒಮ್ಮೆ ಈ ನಡೆ ನಾಲಿಗೆಗೆ ಗೊತ್ತಾದರೆ ಬೇರೆ ಬೇರನ್ನು ಇದೆಂದು ನಂಬುವುದು ಕಷ್ಟ.

ಇಲ್ಲಿ ನಮ್ಮ ನಾಡಿನವರಿಗೇ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬೇಲಿಗಳ ಮೇಲೆ ಹಬ್ಬುವ ಗುಲಗಂಜಿ ಬಳ್ಳಿಯ ಎಲೆ ಮತ್ತು ಬೇರು ಸಿಹಿಯಾಗಿರುವುದರಿಂದ ಅದನ್ನು ಜ್ಯೇಷ್ಠಮಧುವಿಗೆ ಬದಲಾಗಿ ಬಳಸುವ ರೂಢಿ ಹಿಂದಿನಿಂದಲೂ ಇದೆ. ಗುಲಗಂಜಿಯ ಬೀಜದಲ್ಲಿ ಅಬ್ರಿನ್ ಎಂಬ ಅತ್ಯಂತ ತೀವ್ರ ವಿಷವಿದೆ. ಬೇಲಿಯಲ್ಲಿ ಪುಕ್ಕಟೆ ಸಿಗುತ್ತದೆಂದು ಅದರ ಬೇರನ್ನು ಅಗೆದು ಕಷಾಯಕ್ಕೆ ಹಾಕುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಕಾಯಿಸುವ ಮೊದಲು: ಯಾರು ಕುಡಿಯಬಾರದು

ಬೇರಿನ ಸಿಹಿಗೆ ಕಾರಣ ಗ್ಲಿಸಿರೈಜಿನ್ ಎಂಬ ವಸ್ತು. ಇದು ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಕರುಳಿನಲ್ಲಿ ಇದು ಬದಲಾಗಿ ರಕ್ತಕ್ಕೆ ಸೇರಿದ ಮೇಲೆ ಮೂತ್ರಪಿಂಡದ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಆ ಕಿಣ್ವದ ಕೆಲಸವೆಂದರೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಲ್ಲಿ ನಿಷ್ಕ್ರಿಯಗೊಳಿಸುವುದು. ಕಿಣ್ವ ಸುಮ್ಮನಾದಾಗ, ಉಪ್ಪಿನ ಸಮತೋಲವನ್ನು ನೋಡಿಕೊಳ್ಳುವ ಆಲ್ಡೊಸ್ಟೆರೋನ್ ಹಾರ್ಮೋನಿನ ಜಾಗದಲ್ಲಿ ಕಾರ್ಟಿಸಾಲ್ ಬಂದು ಕುಳಿತು ಅದರ ಕೆಲಸವನ್ನು ಅತಿಯಾಗಿ ಮಾಡತೊಡಗುತ್ತದೆ. ಪರಿಣಾಮವಾಗಿ ದೇಹದಲ್ಲಿ ಸೋಡಿಯಂ ಮತ್ತು ನೀರು ಉಳಿಯುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ತೀರ ಕುಸಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. 1940ರ ದಶಕದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಜಠರದ ಹುಣ್ಣಿಗೆ ಈ ಬೇರಿನ ಸಾರವನ್ನು ಕೊಟ್ಟ ವೈದ್ಯರು ರೋಗಿಗಳಲ್ಲಿ ಊತ ಕಾಣಿಸಿಕೊಂಡದ್ದನ್ನು ದಾಖಲಿಸಿದ ಮೇಲೆ ಈ ಕಡೆಗೆ ಆಧುನಿಕ ವೈದ್ಯರ ಗಮನ ಹರಿಯಿತು. ಕುತೂಹಲದ ಸಂಗತಿಯೆಂದರೆ, ತೇವ ತುಂಬಿ ಹೊಟ್ಟೆ ಉಬ್ಬಿದವರಿಗೂ ಮೈ ಊದಿಕೊಂಡವರಿಗೂ ಗಾನ್‌ತ್ಸಾವ್ ಸಲ್ಲದು ಎಂಬ ಎಚ್ಚರಿಕೆ ಚೀನೀ ಪರಂಪರೆಯಲ್ಲಿಯೂ ಇದೆ. ಇಬ್ಬರ ವಿವರಣೆಯ ದಾರಿಗಳು ಬೇರೆ, ಕಂಡದ್ದು ಒಂದೇ.

ಹೀಗಾಗಿ ರಕ್ತದೊತ್ತಡ, ಹೃದ್ರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಪೊಟ್ಯಾಸಿಯಂ ಕಡಿಮೆ ಇರುವವರು ಈ ಕಷಾಯವನ್ನು ಕುಡಿಯಬಾರದು. ಮೂತ್ರ ಹೆಚ್ಚಿಸುವ ಮಾತ್ರೆ, ಡಿಜಾಕ್ಸಿನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ವಾರ್ಫರಿನ್ ಮುಂತಾದ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಬಟ್ಟಲಿಗೆ ಕೈಹಾಕಬಾರದು. ಚಿಕ್ಕ ಮಕ್ಕಳಿಗೂ ಕೊಡಬೇಡಿ. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಕಷಾಯ ಕಾಯಿಸಿ ಹಂಚುವುದು ನಮ್ಮ ರೂಢಿಯಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ನೆಗಡಿಯಾದ ಮೊಮ್ಮಗನಿಗೆಂದು ಮಾಡಿದ್ದು ಬಿ.ಪಿ. ಮಾತ್ರೆ ನುಂಗುವ ಅಜ್ಜಿಯ ಲೋಟಕ್ಕೂ ಹೋಗುತ್ತದೆ.

ತೂಕದ ಲೆಕ್ಕ

ಚೀನೀ ಔಷಧಕೋಶ ಹೇಳುವ ಪ್ರಮಾಣ ದಿನಕ್ಕೆ 2ರಿಂದ 10 ಗ್ರಾಂ. ಆದರೆ ಇದು ವೈದ್ಯನೊಬ್ಬ ರೋಗಿಯನ್ನು ನೋಡಿ, ಇಂತಿಷ್ಟು ದಿನಕ್ಕೆಂದು ಬರೆದುಕೊಡುವ ಪ್ರಮಾಣ. ಮನೆಯಲ್ಲಿ ರುಚಿಗೆಂದು ಕುಡಿಯುವ ಪ್ರಮಾಣವಲ್ಲ. ಅದೇ ಕೋಶದ ಪ್ರಕಾರ ಒಳ್ಳೆಯ ಬೇರಿನಲ್ಲಿ ಗ್ಲಿಸಿರೈಜಿಕ್ ಆಮ್ಲ, ಅಂದರೆ ಮೇಲೆ ಹೇಳಿದ ಗ್ಲಿಸಿರೈಜಿನ್, ಶೇ. 2ಕ್ಕಿಂತ ಕಡಿಮೆ ಇರಬಾರದು. ಇನ್ನೊಂದು ಕಡೆ, ಐರೋಪ್ಯ ಒಕ್ಕೂಟದ ಆಹಾರ ತಜ್ಞರ ಸಮಿತಿಯು ದಿನನಿತ್ಯದ ಸೇವನೆಯಲ್ಲಿ ಈ ವಸ್ತು 100 ಮಿಲಿಗ್ರಾಂ ದಾಟಬಾರದೆಂದು 2003ರಲ್ಲಿ ಹೇಳಿತು. ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ. 3 ಗ್ರಾಂ ಬೇರಿನಲ್ಲಿ ಶೇ. 2ರ ಲೆಕ್ಕಕ್ಕೆ 60 ಮಿಲಿಗ್ರಾಂ, ಬೇರು ಸತ್ವಯುತವಾಗಿದ್ದು ಶೇ. 4 ಇದ್ದರೆ 120 ಮಿಲಿಗ್ರಾಂ. ಬೇರಿನಲ್ಲಿರುವುದೆಲ್ಲ ನೀರಿಗೆ ಇಳಿಯುವುದಿಲ್ಲ ಎಂಬುದನ್ನು ಗಣನೆಗೆ ತೆಗೆದುಕೊಂಡರೂ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 2ರಿಂದ 3 ಗ್ರಾಂ ಎಂಬುದೇ ಮನೆಯ ಮೇರೆ. ಅದನ್ನೂ ಒಂದು ವಾರಕ್ಕಿಂತ ಹೆಚ್ಚು ಎಡೆಬಿಡದೆ ಕುಡಿಯದಿರುವುದು ಲೇಸು.

3 ಗ್ರಾಂ ಎಂದರೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಒಂದು ಕಡ್ಡಿ ಬೆರಳಿನಷ್ಟು ದಪ್ಪ, ಇನ್ನೊಂದು ಪೆನ್ಸಿಲಿನಷ್ಟು. ನಾನೇ ಮೊದಲ ಸಲ ಅಂದಾಜಿಗೆ ಹಾಕಿದ ಒಂದು ಹಿಡಿಯನ್ನು ಆಮೇಲೆ ತೂಗಿ ನೋಡಿದಾಗ 14 ಗ್ರಾಂ ಇತ್ತು. ಆಭರಣ ತೂಗುವಂಥ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಈ ಕೆಲಸಕ್ಕೆ ಬೇಕೇ ಬೇಕು. ಒಮ್ಮೆಗೇ ಹತ್ತು ಪೊಟ್ಟಣಗಳನ್ನು ತಲಾ 3 ಗ್ರಾಂ ತೂಗಿ ಕಟ್ಟಿಟ್ಟುಕೊಂಡರೆ ದಿನದಿನವೂ ತೂಗುವ ರಗಳೆ ಇರುವುದಿಲ್ಲ, ಎಷ್ಟು ದಿನ ಕುಡಿದೆವೆಂಬ ಲೆಕ್ಕವೂ ಪೊಟ್ಟಣಗಳಿಂದಲೇ ತಿಳಿಯುತ್ತದೆ.

ಕಾಯಿಸುವ ಕ್ರಮ

ಬೇರು ಕಡ್ಡಿಯಾಗಿದ್ದರೆ ಮೊದಲು ಬಿಲ್ಲೆ ಮಾಡಿಕೊಳ್ಳಬೇಕು. ಒಣ ಕಡ್ಡಿಯನ್ನು ಕತ್ತರಿಸಲು ಹೋದರೆ ಚಾಕು ಜಾರುತ್ತದೆ. ಕಡ್ಡಿಯನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಟ್ಟರೆ ನಾರು ಮೆತ್ತಗಾಗುತ್ತದೆ. ಆಗ 2ರಿಂದ 4 ಮಿಲಿಮೀಟರ್ ದಪ್ಪಕ್ಕೆ ಓರೆಯಾಗಿ ಕೊಯ್ದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ತೂಗುವುದು ಒಣಗಿದ ಮೇಲೆಯೇ.

ಪಾತ್ರೆಯ ವಿಷಯದಲ್ಲಿ ಚೀನೀಯರು ಕಟ್ಟುನಿಟ್ಟು. ಅವರಿಗೆ ಮಣ್ಣಿನ ಮಡಕೆಯೇ ಶ್ರೇಷ್ಠ, ಕಬ್ಬಿಣ ನಿಷಿದ್ಧ. ನಮ್ಮಲ್ಲಿ ಮಣ್ಣಿನ ಗಡಿಗೆ ಇಲ್ಲದಿದ್ದರೆ ಸ್ಟೀಲಿನ ಪಾತ್ರೆ ನಡೆಯುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗಳನ್ನು ದೂರವಿಡಿ. ಕುದಿಯುವ ನೀರಿನ ಎರಡರಷ್ಟು ಹಿಡಿಯುವ ಪಾತ್ರೆಯೇ ಇರಲಿ, ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

3 ಗ್ರಾಂ ಬಿಲ್ಲೆಗಳನ್ನು ಒಂದು ಸಲ ಬೇಗನೆ ತೊಳೆದು, 400 ಮಿಲಿಲೀಟರ್ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬಿಸಿನೀರು ಹಾಕಿ ಅವಸರ ಮಾಡಬೇಡಿ. ತಣ್ಣೀರು ನಾರಿನೊಳಗೆ ನಿಧಾನವಾಗಿ ಇಳಿದರೆ ಮಾತ್ರ ಒಳಗಿನ ಸತ್ವ ಬಿಡುತ್ತದೆ. ನೆನೆದ ನೀರನ್ನು ಚೆಲ್ಲದೆ ಅದರ ಸಮೇತ ಒಲೆಯ ಮೇಲಿಟ್ಟು, ದೊಡ್ಡ ಉರಿಯಲ್ಲಿ ಕುದಿ ಬರಿಸಿ. ಕುದಿ ಬಂದ ಕೂಡಲೇ ನೊರೆ ಉಕ್ಕುತ್ತದೆ. ಗ್ಲಿಸಿರೈಜಿನ್ ಸಾಬೂನಿನಂತೆ ನೊರೆ ಕಟ್ಟುವ ಗುಂಪಿನ ವಸ್ತುವಾದ್ದರಿಂದ, ಹಾಲು ಕಾಯಿಸುವಾಗಿನಷ್ಟೇ ಎಚ್ಚರದಿಂದ ಪಕ್ಕದಲ್ಲಿ ನಿಲ್ಲಬೇಕು. ನೊರೆ ಏರುತ್ತಿದ್ದಂತೆ ಉರಿಯನ್ನು ತೀರ ಸಣ್ಣದು ಮಾಡಿ, ಮುಚ್ಚಳವನ್ನು ತುಸು ಓರೆಯಾಗಿಟ್ಟು, 20ರಿಂದ 25 ನಿಮಿಷ ಕಾಯಿಸಿ. ನೀರು ಸುಮಾರು 250 ಮಿಲಿಲೀಟರಿಗೆ ಇಳಿದು, ಬಣ್ಣ ಹೊಂಬಣ್ಣವಾದಾಗ ಒಲೆಯಿಂದ ಇಳಿಸಿ ಸೋಸಿಕೊಳ್ಳಿ.

ಚೀನೀ ಪದ್ಧತಿಯಲ್ಲಿ ಅದೇ ಬಿಲ್ಲೆಗಳಿಗೆ ಮತ್ತೆ ನೀರು ಹಾಕಿ ಎರಡನೆಯ ಸಲ ಕಾಯಿಸಿ, ಎರಡೂ ಕಷಾಯಗಳನ್ನು ಬೆರೆಸಿ, ಬೆಳಗ್ಗೆ ಅರ್ಧ, ಸಂಜೆ ಅರ್ಧ ಕುಡಿಯುತ್ತಾರೆ. ಎರಡನೆಯ ಸಲಕ್ಕೆ 250 ಮಿಲಿಲೀಟರ್ ನೀರು, 15 ನಿಮಿಷ ಸಾಕು. ಎರಡು ಸಲ ಕಾಯಿಸಿದರೂ ಅದು ಒಂದು ದಿನದ ಪಾಲೇ ಆಗಿರುತ್ತದೆ, ಏಕೆಂದರೆ ಲೆಕ್ಕಕ್ಕೆ ಬರುವುದು ಬೇರಿನ ತೂಕ, ನೀರಿನದ್ದಲ್ಲ. ಬೆಲ್ಲ, ಸಕ್ಕರೆ, ಜೇನು ಯಾವುದೂ ಬೇಡ. ಮೊದಲ ಗುಟುಕು ಸಪ್ಪೆಯೆನಿಸಿದರೆ ಸ್ವಲ್ಪ ತಾಳಿ. ಸಿಹಿ ಹಿಂದೆಯೇ ಬರುತ್ತದೆ.

ಜೇನಿನಲ್ಲಿ ಹುರಿದ ಬೇರು

ಚೀನೀಯರು ಹಸಿ ಬೇರನ್ನೂ (ಅಂದರೆ ಹುರಿಯದ ಒಣ ಬೇರನ್ನೂ) ಜೇನಿನಲ್ಲಿ ಹುರಿದ ಬೇರನ್ನೂ ಎರಡು ಬೇರೆ ಔಷಧಗಳೆಂದೇ ಎಣಿಸುತ್ತಾರೆ. ಗಂಟಲುನೋವು, ಉಷ್ಣಗಳಿಗೆ ಹಸಿಯದು; ನಿಶ್ಶಕ್ತಿ, ಜೀರ್ಣಶಕ್ತಿಯ ಕುಂದು, ಎದೆಬಡಿತಗಳಿಗೆ ಹುರಿದದ್ದು ಎಂಬುದು ಅವರ ವಿಂಗಡಣೆ. ಎದೆಬಡಿತ ಎಂಬ ಮಾತನ್ನು ಓದಿ ಯಾರೂ ಸ್ವಂತ ಚಿಕಿತ್ಸೆಗೆ ಇಳಿಯಬಾರದು. ಮೇಲೆ ಹೇಳಿದ ಕಾರಣಕ್ಕೆ ಎದೆಬಡಿತದ ತೊಂದರೆ ಇರುವವರೇ ಇದರಿಂದ ಮೊದಲು ದೂರವಿರಬೇಕು. ಹುರಿದ ಬೇರಿನ ಕಷಾಯ ರುಚಿಯಲ್ಲಿ ಮಾತ್ರ ನಿಜಕ್ಕೂ ಮೇಲು.

ಔಷಧಕೋಶದ ಅಳತೆ 100 ಕಿಲೋ ಬಿಲ್ಲೆಗೆ 25 ಕಿಲೋ ಜೇನು. ಮನೆಗೆ 40 ಗ್ರಾಂ ಬಿಲ್ಲೆ, 10 ಗ್ರಾಂ ಜೇನು ಸಾಕು. ಜೇನನ್ನು ಒಂದೆರಡು ಚಮಚ ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ, ಬಿಲ್ಲೆಗಳಿಗೆ ಸವರಿ, ಮುಚ್ಚಿಟ್ಟು, ಎಲ್ಲವೂ ಹೀರಿಕೊಳ್ಳುವವರೆಗೆ ಬಿಡಿ. ಅನಂತರ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಹುರಿಯಿರಿ. ಮೊದಲು ಬಿಲ್ಲೆಗಳು ಒಂದಕ್ಕೊಂದು ಅಂಟುತ್ತವೆ. ಬಣ್ಣ ಗಾಢ ಹಳದಿಯಿಂದ ಕಂದಿಗೆ ತಿರುಗಿ, ಬೆರಳಿಗೆ ಅಂಟದಂತಾದಾಗ ಹದ ಬಂದಂತೆ. ಜೇನು ಸೀದ ವಾಸನೆ ಬಂದರೆ ಹದ ಮೀರಿತು, ಅದನ್ನು ಕಷಾಯಕ್ಕೆ ಬಳಸಬೇಡಿ. ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಜೇನಿನ ತೂಕ ಸೇರಿದ್ದರೂ ದಿನದ ಮೇರೆ ಅದೇ 3 ಗ್ರಾಂ.

ಮೂರು ಹಳೆಯ ಜೋಡಿಗಳು

ಸುಮಾರು 1800 ವರ್ಷಗಳ ಹಿಂದೆ, ಹಾನ್ ರಾಜವಂಶದ ಕೊನೆಗಾಲದಲ್ಲಿದ್ದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಗಂಟಲುನೋವಿಗೆ ಗಾನ್‌ತ್ಸಾವ್ ಒಂದನ್ನೇ ಕಾಯಿಸಿ ಕೊಡಲು ಹೇಳಿದ್ದಾನೆ: ಬೇರು ಎರಡು ಲಿಯಾಂಗ್, ನೀರು ಮೂರು ಶೆಂಗ್, ಕಾಯಿಸಿ ಅರ್ಧಕ್ಕೆ ಇಳಿಸಿ, ದಿನಕ್ಕೆರಡು ಸಲ. ಅದರಿಂದ ಗುಣ ಕಾಣದಿದ್ದರೆ ಒಂದು ಲಿಯಾಂಗ್ ಜಿಯೆಗೆಂಗ್ ಬೇರನ್ನು, ಅಂದರೆ ಬಲೂನಿನಾಕಾರದ ಮೊಗ್ಗು ಬಿಡುವ ಒಂದು ನೀಲಿಹೂವಿನ ಗಿಡದ ಬೇರನ್ನು, ಸೇರಿಸುವಂತೆ ಮುಂದುವರಿಸಿದ್ದಾನೆ. ಆ ಕಾಲದ ಲಿಯಾಂಗ್ ಇಂದಿನ ಸುಮಾರು 15 ಗ್ರಾಂ ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಅಂದರೆ ಬೇರು ಸುಮಾರು 30 ಗ್ರಾಂ. ಈ ಅಂಕಿಯನ್ನು ಎಲ್ಲಿಯಾದರೂ ಓದಿ ಮನೆಯಲ್ಲಿ ಅನುಸರಿಸಲು ಹೋಗಬೇಡಿ. ಅದು ಎರಡು ಮೂರು ದಿನದ ತೀವ್ರ ನೋವಿಗೆ ವೈದ್ಯನ ಕಣ್ಣೆದುರು ಕೊಟ್ಟ ಔಷಧ.

ಅದೇ ವೈದ್ಯನ ಇನ್ನೊಂದು ಕಷಾಯ ಗಾನ್‌ತ್ಸಾವ್, ಗೋಧಿ ಮತ್ತು ದಾಝಾವ್ ಹಣ್ಣಿನದು. ಕಾರಣವಿಲ್ಲದೆ ದುಃಖ ಉಕ್ಕಿ ಅಳು ಬರುವ, ಮತ್ತೆ ಮತ್ತೆ ಆಕಳಿಸುವ ಹೆಂಗಸರಿಗೆ ಇದನ್ನು ಹೇಳಿದ್ದಾನೆ. ದಾಝಾವ್ ಎಂಬುದನ್ನು ಹಲವರು ಕೆಂಪು ಖರ್ಜೂರ ಎಂದು ಅನುವಾದಿಸುವುದರಿಂದ ನಮ್ಮವರು ಖರ್ಜೂರವನ್ನೇ ಹಾಕಿಬಿಡುತ್ತಾರೆ. ಅದು ಖರ್ಜೂರವಲ್ಲ, ನಮ್ಮ ಎಲಚಿ ಅಥವಾ ಬೋರೆ ಹಣ್ಣಿನ ಹತ್ತಿರದ ಸಂಬಂಧಿ. ಮನೆಯ ಅಳತೆಗೆ ತೊಳೆದ ಇಡೀ ಗೋಧಿ 30 ಗ್ರಾಂ, ಬೀಜ ತೆಗೆದ ಒಣ ದಾಝಾವ್ ಐದು, ಹುರಿದ ಗಾನ್‌ತ್ಸಾವ್ 3 ಗ್ರಾಂ, ನೀರು 700 ಮಿಲಿಲೀಟರ್. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ 40 ನಿಮಿಷ ಕಾಯಿಸಿ ಸೋಸಿ. ಗೋಧಿಯ ಗಂಜಿಯಂಥ ಮೃದುತ್ವ ಬಂದು, ಮೂರೂ ಸೇರಿ ಪಾಯಸದ ದೂರದ ನೆನಪು ತರುತ್ತದೆ. ಇದು ಹಿತವಾದ ಪಾನೀಯವೇ ಹೊರತು, ವಾರಗಟ್ಟಲೆ ಬಿಡದ ಖಿನ್ನತೆಗೆ ವೈದ್ಯರ ಬದಲಿಯಲ್ಲ.

ಬೇಸಿಗೆಗೆ ಒಪ್ಪುವುದು ಸೇವಂತಿಗೆಯ ಜೋಡಿ. 1 ಗ್ರಾಂ ಹಸಿ ಬಿಲ್ಲೆಯನ್ನು 300 ಮಿಲಿಲೀಟರ್ ನೀರಿನಲ್ಲಿ 15 ನಿಮಿಷ ಕಾಯಿಸಿ, ಉರಿ ಆರಿಸಿ, ಐದಾರು ಒಣ ಸೇವಂತಿಗೆ ಹೂಗಳನ್ನು ಹಾಕಿ 5 ನಿಮಿಷ ಮುಚ್ಚಿಡಿ. ಹೂವನ್ನು ಕುದಿಸಿದರೆ ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ. ಕುಡಿಯಲೆಂದೇ ಒಣಗಿಸಿ ಮಾರುವ ಹೂವನ್ನೇ ಬಳಸಬೇಕು. ಹೂವಿನ ಮಾರುಕಟ್ಟೆಯಲ್ಲಿ ಮಾರಿಗೆ ಅಳೆದು ಕೊಡುವ ಸೇವಂತಿಗೆ ದೇವರ ಪಟಕ್ಕೂ ಮುಡಿಗೂ ಸರಿ, ಕೀಟನಾಶಕ ಸಿಂಪಡಿಸಿ ಬೆಳೆದ ಅದು ಲೋಟಕ್ಕೆ ಸಲ್ಲದು.

ಕಂಡ ಮೂಲಿಕೆಗಳನ್ನೆಲ್ಲ ಇದರ ಜೊತೆ ಬೆರೆಸಲು ಹೋಗಬೇಡಿ. ಹೊಂದಾಣಿಕೆಯ ಹಿರಿಯನೆನಿಸಿದ ಗಾನ್‌ತ್ಸಾವ್‌ಗೂ ಹೊಂದದ ಮೂಲಿಕೆಗಳೆಂದು ಚೀನೀಯರು ಹೆಸರಿಸಿದವುಗಳಲ್ಲಿ ಹಾಯ್‌ಝಾವ್ ಎಂಬ ಕಡಲಪಾಚಿ, ಗಾನ್‌ಸುಯಿ, ದಾಜಿ ಮತ್ತು ಯುವಾನ್‌ಹುವಾ ಸೇರಿವೆ.

ಇಡುವುದು, ನಿಲ್ಲಿಸುವುದು

ಒಣ ಬಿಲ್ಲೆಗಳನ್ನು ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ಕಡೆ ಇಡಿ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲೇ ಒಮ್ಮೆ ಬಿಸಿಲಿಗೆ ಹಾಕಿ ತೆಗೆದಿಡುವುದು ಒಳ್ಳೆಯದು. ಜೇನಿನಲ್ಲಿ ಹುರಿದದ್ದು ತೇವವನ್ನು ಬೇಗ ಎಳೆದುಕೊಳ್ಳುವುದರಿಂದ ತಿಂಗಳಿಗೆ ಸಾಕಾಗುವಷ್ಟೇ ಮಾಡಿಕೊಳ್ಳಿ. ಬೂಸ್ಟು ಕಂಡರೆ ಆ ಬಿಲ್ಲೆಯನ್ನಷ್ಟೇ ಆಯ್ದು ಬಿಸಾಡದೆ ಡಬ್ಬಿಯನ್ನೇ ಖಾಲಿ ಮಾಡಿ. ಕಾಯಿಸಿದ ಕಷಾಯ ಅಂದಿನ ದಿನಕ್ಕೇ ಮುಗಿಯಬೇಕು; ಫ್ರಿಜ್ಜಿನಲ್ಲಿಟ್ಟರೆ ಹೆಚ್ಚೆಂದರೆ ಮರುದಿನದವರೆಗೆ.

ಕುಡಿಯುತ್ತಿರುವ ದಿನಗಳಲ್ಲಿ ಸಂಜೆ ಚಪ್ಪಲಿ ಬಿಗಿಯಾಗುವಂತೆ ಪಾದ ಊದಿದರೆ, ಕಣ್ಣಿನ ಸುತ್ತ ಬಾವು ಕಂಡರೆ, ತಲೆನೋವು, ಕಾಲಿನ ಸ್ನಾಯುಗಳಲ್ಲಿ ಸೆಳೆತ ಅಥವಾ ನಿಶ್ಶಕ್ತಿ ಬಂದರೆ, ಎದೆ ಬಡಿತ ಏರುಪೇರಾದಂತೆನಿಸಿದರೆ, ಅಂದೇ ಕಷಾಯವನ್ನು ನಿಲ್ಲಿಸಿ ವೈದ್ಯರಲ್ಲಿ ಹೋಗಬೇಕು. ಏನು, ಎಷ್ಟು, ಎಷ್ಟು ದಿನ ಕುಡಿದಿರಿ ಎಂಬುದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಮನೆಮದ್ದೆಂದು ಅದನ್ನು ಹೇಳದೆ ಬಿಡುವವರೇ ಹೆಚ್ಚು, ಆದರೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ಹೊಳೆಯುವುದು ಆ ಒಂದು ಮಾತಿನಿಂದ. ಬೇರಿನ ಪ್ರಭಾವವು ಕುಡಿಯುವುದನ್ನು ಬಿಟ್ಟ ಮರುದಿನವೇ ಹೋಗುವುದಿಲ್ಲ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಒಂದು ವಾರ ಕುಡಿದ ಮೇಲೆ ಕನಿಷ್ಠ ಎರಡು ವಾರ ಬಿಡುವು ಕೊಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಆ ಬಿಡುವಿನಲ್ಲಿ ಜ್ಯೇಷ್ಠಮಧು ಬೆರೆತ ಕೆಮ್ಮಿನ ಸಿರಪ್ಪು, ಚೀಪುವ ಗುಳಿಗೆ ಮತ್ತು ಚೂರ್ಣಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವುಗಳ ಚೀಟಿಯ ಮೇಲೆ ಯಷ್ಟಿಮಧು, ಮುಲೇಠಿ ಅಥವಾ ಲಿಕೊರೈಸ್ ಎಂದು ಬರೆದಿರುತ್ತದೆ.